ಸ್ಟಾರ್ಟ್ ಆದ ಮೇಲಿನ ಕೆಲಸ

ಹಳೆಯ ಬೈಕ್ ಕೊಂಡವರಿಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಸ್ಟಾರ್ಟ್ ಆಯಿತಾ?" ಆಯಿತು ಎಂದರೆ ಶಹಬ್ಬಾಸ್, ಇಲ್ಲ ಎಂದರೆ "ಗುಜರಿಗೆ ಹಾಕಿಬಿಡಿ" ಎಂಬ ಸಲಹೆ. ನನ್ನ ಮಟ್ಟಿಗೆ ಅದು ಅಷ್ಟು ದೊಡ್ಡ ಪ್ರಶ್ನೆಯೇ ಅಲ್ಲ. ಸಿಲಿಂಡರಿಗೆ ಒಂದು ಮುಚ್ಚಳ ಪೆಟ್ರೋಲ್ ಸುರಿದು ಪ್ಲಗ್ಗಿಗೆ ಒಳ್ಳೆಯ ಕಿಡಿ ಕೊಟ್ಟರೆ ವರ್ಷಗಟ್ಟಲೆ ಮಲಗಿದ್ದ ಎಂಜಿನ್ನೂ ಒಂದು ಗಳಿಗೆ ಗುಡುಗಿ ಸುಮ್ಮನಾಗುತ್ತದೆ. ಅದರಿಂದ ತಿಳಿಯುವುದು ಬಹಳ ಕಡಿಮೆ. ಎಂಜಿನ್ ಚೆನ್ನಾಗಿ ಕಾದ ಮೇಲೆ, ಸಿಗ್ನಲ್ಲಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ, ಕೆಂಪು ದೀಪ ಹಸಿರಾಗುವವರೆಗೆ ಅದು ತನ್ನ ಪಾಡಿಗೆ ತಾನು ಆಡುತ್ತಿರುತ್ತದೆಯೇ? ಮೆಕ್ಯಾನಿಕ್ಕುಗಳ ಮಾತಿನಲ್ಲಿ ಕೇಳುವುದಾದರೆ, ಸ್ಲೋ ನಿಲ್ಲುತ್ತದೆಯೇ? ಗಾಡಿಯ ಆರೋಗ್ಯ ಗೊತ್ತಾಗುವುದು ಅಲ್ಲಿ.

ನನ್ನದು ಯೆಜ್ಡಿ ರೋಡ್‌ಕಿಂಗ್. ಸಕಲೇಶಪುರದ ಕಡೆಯ ಒಂದು ತೋಟದ ಮನೆಯಲ್ಲಿ, ಕಾಫಿ ಗೋದಾಮಿನ ಮೂಲೆಯಲ್ಲಿ, ಗೋಣಿಚೀಲಗಳ ಹಿಂದೆ ನಿಂತಿತ್ತು. ಓಡಿಸುತ್ತಿದ್ದ ಯಜಮಾನರು ತೀರಿಕೊಂಡ ಮೇಲೆ ಯಾರೂ ಅದನ್ನು ಮುಟ್ಟಿರಲಿಲ್ಲ. ಮಾರುವಾಗ ಅವರ ಮಗ ದುಡ್ಡಿನ ಮಾತಿಗಿಂತ ಮೊದಲು ಒಂದು ಮಾತು ಕೇಳಿದರು: "ಬಿಚ್ಚಿ ಬಿಡಿಭಾಗ ಮಾಡಿ ಮಾರುವುದಿಲ್ಲ ಅಂತ ಹೇಳಿ, ಅಷ್ಟು ಸಾಕು." ಹೇಳಿದೆ. ಟೆಂಪೋಗೆ ಏರಿಸಿಕೊಂಡು ಮೈಸೂರಿಗೆ ತಂದೆ.

ತಂದದ್ದು ಅದು ಹುಟ್ಟಿದ ಊರಿಗೇ. ರುಸ್ತುಂ ಇರಾನಿ ಮತ್ತು ಫರ್ರೋಖ್ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿ 1961ರಲ್ಲಿ ಶುರುವಾಯಿತು. ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್. ಮೊದಲು ಜೆಕೊಸ್ಲೊವಾಕಿಯಾದ ಪರವಾನಗಿಯಲ್ಲಿ ಜಾವಾ, 1973ರಿಂದ ಯೆಜ್ಡಿ ಎಂಬ ಹೆಸರು, 1978ರಲ್ಲಿ ರೋಡ್‌ಕಿಂಗ್, 1996ರಲ್ಲಿ ಬೀಗ. ಆ ಕಾರ್ಖಾನೆಯ ಸೈರನ್ನಿಗೆ ಗಡಿಯಾರ ಹೊಂದಿಸಿಕೊಳ್ಳುತ್ತಿದ್ದ ಮನೆಗಳು ಈ ಊರಿನಲ್ಲಿ ಇದ್ದವು. ಅಲ್ಲಿ ದುಡಿದ ಕೈಗಳು ಕೆಲವು ಇನ್ನೂ ಇಲ್ಲೇ ಇವೆ ಎನ್ನುವುದು ಯೆಜ್ಡಿ ಇಟ್ಟುಕೊಂಡವರ ಪುಣ್ಯ. ನಾನು ನಂಬಿಕೊಂಡಿರುವ ಮೇಸ್ತ್ರಿ ಅಂಥವರಲ್ಲಿ ಒಬ್ಬರು. ಎಂಜಿನ್ ಜೋಡಿಸುವ ವಿಭಾಗದಲ್ಲಿದ್ದವರು, ಈಗ ಮನೆಯ ಮುಂದಿನ ಶೀಟಿನ ಚಪ್ಪರದಡಿ ದಿನಕ್ಕೆ ಒಂದು ಗಾಡಿಗಿಂತ ಹೆಚ್ಚು ಮುಟ್ಟುವುದಿಲ್ಲ.

ಈ ಗಾಡಿಯಲ್ಲಿ ಗೇರ್ ಲಿವರೇ ಕಿಕ್ಕರ್. ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್ ಆಗುತ್ತದೆ, ಸ್ಟಾರ್ಟ್ ಆದ ಮೇಲೆ ಇಳಿಸಿದರೆ ಮತ್ತೆ ಗೇರ್. ಟೆಂಪೋದಿಂದ ಇಳಿಸಿದ ಕೂಡಲೇ ಲೋಡಿಂಗ್ ಹುಡುಗ ಹುಮ್ಮಸ್ಸಿನಿಂದ ಅದನ್ನು ಎತ್ತಿ ಕಾಲಿಡಲು ಹೋದ.

"ಕಾಲು ತೆಗೆಯಪ್ಪಾ," ಎಂದರು ಮೇಸ್ತ್ರಿ. "ಒಳಗೆ ಹೇಗಿದೆ ಅಂತ ನೋಡದೆ ತುಳಿಯಬಾರದು."

ಅವರ ಮಾತಿನ ಕಾರಣ ಸರಳ. ಮಲೆನಾಡಿನ ತೇವದಲ್ಲಿ ನಿಂತ ಗಾಡಿಯ ಬೋರ್, ಅಂದರೆ ಸಿಲಿಂಡರಿನ ಒಳಗೋಡೆ, ಎರಕದ ಕಬ್ಬಿಣದ್ದು, ಪಿಸ್ಟನ್ನಿನ ರಿಂಗ್‌ಗಳೂ ಕಬ್ಬಿಣದವು. ಎರಡೂ ಒಂದಕ್ಕೊಂದು ತಾಗಿಕೊಂಡಲ್ಲಿ ತುಕ್ಕು ಹಿಡಿದು ಅಂಟಿಕೊಂಡಿರುತ್ತವೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಸಿಲಿಂಡರಿನ ಗೋಡೆಯಲ್ಲೇ ಕಿಂಡಿಗಳಿರುವುದರಿಂದ, ಜೋರಾಗಿ ಒದ್ದಾಗ ರಿಂಗ್ ಮುರಿದರೆ ಅದರ ತುಂಡು ಕಿಂಡಿಗೆ ಸಿಕ್ಕಿ ಬೋರನ್ನೇ ಗೀರಿಬಿಡುತ್ತದೆ. ಪ್ಲಗ್ ಬಿಚ್ಚಿ, ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರಸಿ ಆ ತೂತಿನೊಳಗೆ ಸುರಿದು ಹಾಗೇ ಬಿಟ್ಟೆವು. ದಿನವೂ ಸಂಜೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ಮುಂದಕ್ಕೂ ಹಿಂದಕ್ಕೂ ಅಲ್ಲಾಡಿಸುವುದು, ಬಲ ಹಾಕದೆ. ಟಾಪ್ ಗೇರಿನಲ್ಲಿ ಚಕ್ರ ತಿರುಗಿಸಿದರೆ ಪಿಸ್ಟನ್ನಿನ ಮೇಲೆ ಬೀಳುವ ಒತ್ತಡ ಕೈಗೆ ನೇರವಾಗಿ ಗೊತ್ತಾಗುತ್ತದೆ. ಒಂದು ಸಂಜೆ ಚಕ್ರ ಕರಕ್ ಎನ್ನದೆ, ಸದ್ದಿಲ್ಲದೆ, ಬೆರಳಗಲದಷ್ಟು ಬಿಟ್ಟುಕೊಟ್ಟಿತು. ಆ ಗಳಿಗೆಯ ಸಂತೋಷಕ್ಕೆ ಮೊದಲ ಸ್ಟಾರ್ಟಿನ ಸಂತೋಷ ಸಮನಲ್ಲ ಎಂದು ಈಗಲೂ ಅನ್ನಿಸುತ್ತದೆ.

ಹೆಡ್ ಮತ್ತು ಸಿಲಿಂಡರ್ ಎತ್ತಿ ನೋಡಿದಾಗ ರಿಂಗ್ ನಿಂತಿದ್ದ ಜಾಗದಲ್ಲಿ ಕಂದು ಗೆರೆಯೊಂದು ಸುತ್ತಲೂ ಮೂಡಿತ್ತು. ಉಗುರಿಗೆ ತಾಗುವಷ್ಟು ಆಳವಿರಲಿಲ್ಲ. ಆದ್ದರಿಂದ ಹೊಸ ಬೋರ್ ಮಾಡಿಸುವ ಅಗತ್ಯ ಬೀಳಲಿಲ್ಲ. ಹೋನಿಂಗ್, ಅಂದರೆ ಒಳಗೋಡೆಯನ್ನು ತೆಳುವಾಗಿ ಉಜ್ಜುವ ಕೆಲಸ, ಮಾಡಿಸಿ, ಹೊಸ ರಿಂಗ್ ಹಾಕಿದರೆ ಸಾಕಾಯಿತು. 65 ಮಿಲಿಮೀಟರ್ ಅಗಲ, 75 ಮಿಲಿಮೀಟರ್ ಓಟದ ಆ ಸಿಲಿಂಡರ್ ಕಾರ್ಖಾನೆಯಿಂದ ಬಂದ ಅಳತೆಯಲ್ಲೇ ಉಳಿಯಿತು. ಹಳೆಯ ಗಾಡಿ ಕೈಗೆ ಬಂದೊಡನೆ ಎಲ್ಲವನ್ನೂ ಬದಲಿಸಿ, ಕಾಣುವುದಕ್ಕೆಲ್ಲ ಕ್ರೋಮ್ ಹೊಡೆಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮೈಸೂರಿನ ಕೆಲಸಗಾರರು ಅಳತೆ ನೋಡಿ ಕೂರಿಸಿದ ಒಂದು ಭಾಗ ಇನ್ನೂ ಬಾಳುವಂತಿದ್ದರೆ ಅದನ್ನು ಕಿತ್ತೆಸೆಯಲು ನಮಗೆ ಯಾವ ಅವಸರ?

ಹೊಗೆಯ ದಾರಿ ನೋಡುವಾಗ ಸಿಕ್ಕಿದ್ದನ್ನು ಮರೆಯಲಾರೆ. ಈ ಎಂಜಿನ್ನಿಗೆ ಸಿಲಿಂಡರ್ ಒಂದೇ, ಹೊಗೆಗೆ ಮಾತ್ರ ಎರಡು ಪೈಪು, ಎರಡು ಸೈಲೆನ್ಸರ್. ಬಲಗಡೆಯದರಲ್ಲಿ ಹಳೆಯ ಎಣ್ಣೆ ಡಾಂಬರಿನಂತೆ ಗಟ್ಟಿಯಾಗಿತ್ತು, ಅದು ನಿರೀಕ್ಷಿಸಿದ್ದೇ. ಎಡಗಡೆಯದರ ಬಾಯಿಯಲ್ಲಿ ಮಣ್ಣು. ಒಳಗಿನ ಬ್ಯಾಫಲ್ (ಸದ್ದು ತಗ್ಗಿಸುವ ಕೊಳವೆ) ಎಳೆದು ತೆಗೆದಾಗ ಅದರ ಜೊತೆ ಕುಂಬಾರ ಹುಳು ಕಟ್ಟಿದ ಗೂಡುಗಳ ಸಾಲೇ ಹೊರಬಂತು. ಮೊದಲು ಕಟ್ಟಿದವು ಕಪ್ಪು, ಆಮೇಲಿನವು ತೋಟದ ಕೆಂಪು ಮಣ್ಣಿನವು. ಮೇಸ್ತ್ರಿ ಒಂದನ್ನು ಸ್ಕ್ರೂಡ್ರೈವರಿನ ತುದಿಯಿಂದ ಒಡೆದು ಅಂಗೈ ಮೇಲೆ ಕೊಡವಿದರು. ಕಾಲು ಮಡಚಿಕೊಂಡ ಪುಟ್ಟ ಜೇಡಗಳು, ಒಣಗಿ ಹಗುರಾಗಿ, ಒಂದರ ಮೇಲೊಂದು ಒತ್ತಾಗಿ ತುಂಬಿದ್ದವು. ಮರಿಗಳಿಗೆಂದು ತಾಯಿ ಹುಳು ಕೂಡಿಟ್ಟ ಬುತ್ತಿ ಅದು. ಎರಡು ಮೂಗಿನ ಹೊಳ್ಳೆಗಳಲ್ಲಿ ಒಂದು ಪೂರ್ತಿ ಕಟ್ಟಿದ ಸ್ಥಿತಿಯಲ್ಲಿ ಗಾಡಿ ಅಷ್ಟು ಮಳೆಗಾಲ ಕಳೆದಿತ್ತು. ಬ್ಯಾಫಲ್‌ಗಳನ್ನು ಕಾಸ್ಟಿಕ್ ಸೋಡಾದ ನೀರಿನಲ್ಲಿ ನೆನೆಸಿ ತಿಕ್ಕಿದೆವು. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ, ಕೈಯನ್ನೂ ಸುಡುತ್ತದೆ. ಉಕ್ಕಿನ ಭಾಗಗಳಿಗೆ ಮಾತ್ರ ಬಳಸಬೇಕು, ಗ್ಲೌಸ್ ಹಾಕಿಕೊಂಡೇ ಮುಟ್ಟಬೇಕು.

ಟ್ಯಾಂಕಿನ ವಿಷಯ ಎಲ್ಲರಿಗೂ ಗೊತ್ತಿರುವುದೇ. ಹಳೆಯ ಪೆಟ್ರೋಲಿನ ಹಗುರವಾದ ಅಂಶ ಆರಿಹೋಗಿ ವಾರ್ನಿಷ್ ವಾಸನೆಯ ಅಂಟು ಉಳಿದಿರುತ್ತದೆ, ತಳದಲ್ಲಿ ನೀರು ಕೂತು ತುಕ್ಕಾಗಿರುತ್ತದೆ. ಸಣ್ಣ ನಟ್ಟುಗಳನ್ನು ಹಾಕಿ ಕುಲುಕಿ, ವಿನೆಗರ್ ತುಂಬಿಸಿಟ್ಟು, ಆಮೇಲೆ ವಾಷಿಂಗ್ ಸೋಡಾ ನೀರಿನಿಂದ ಹುಳಿ ಕಳೆದು, ಬಿಸಿಲಿನಲ್ಲಿ ಒಣಗಿಸಿ, ಒಣಗಿದ ಕೂಡಲೇ ಒಳಗೆಲ್ಲ ಎಣ್ಣೆ ಸವರಬೇಕು. ಈ ಕೊನೆಯದನ್ನು ಮಾರನೆಯ ದಿನಕ್ಕೆ ಬಿಟ್ಟರೆ ರಾತ್ರಿ ಕಳೆಯುವುದರೊಳಗೆ ಹೊಸ ತುಕ್ಕಿನ ಪುಡಿ ಏಳುತ್ತದೆ.

ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸುವ ಕಾರ್ಬೊರೇಟರಿನಲ್ಲಿ ನಿಜವಾಗಿ ಕಾಡುವುದು ಪೈಲಟ್ ಜೆಟ್. ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನಿಗೆ ಹೋಗುವ ಪೆಟ್ರೋಲೆಲ್ಲ ಆ ಹಿತ್ತಾಳೆಯ ತುಣುಕಿನ ಕೂದಲೆಳೆಯಂಥ ತೂತಿನಿಂದಲೇ ಹೋಗಬೇಕು. ಹಳೆಯ ಪೆಟ್ರೋಲಿನ ಅಂಟು ಮೊದಲು ಮುಚ್ಚುವುದು ಅದನ್ನೇ. ಹಾಗಾಗಿ ಎಷ್ಟೋ ಗಾಡಿಗಳು ಜೋರಾಗಿ ಓಡುತ್ತವೆ, ಸಿಗ್ನಲ್ಲಿಗೆ ಬಂದರೆ ಆರುತ್ತವೆ. ತೂತಿಗೆ ಉಕ್ಕಿನ ತಂತಿ ಚುಚ್ಚುವ ಅಭ್ಯಾಸ ಗ್ಯಾರೇಜುಗಳಲ್ಲಿ ಎಲ್ಲೆಡೆ ಇದೆ. ಹಿತ್ತಾಳೆ ಮೆತ್ತಗಿನ ಲೋಹ, ತಂತಿ ತಿರುವಿದಷ್ಟೂ ತೂತು ಹಿಗ್ಗುತ್ತದೆ, ಆಮೇಲೆ ಯಾವ ಸೆಟ್ಟಿಂಗಿಗೂ ಅದು ಬಗ್ಗುವುದಿಲ್ಲ. ಮೇಸ್ತ್ರಿ ಬಳಸುವುದು ಕಾರ್ಬೊರೇಟರ್ ಕ್ಲೀನರ್ ಮತ್ತು ಮೀನು ಹಿಡಿಯುವ ನೈಲಾನ್ ದಾರ. ಜೆಟ್ ಅನ್ನು ಆಕಾಶಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ಬೆಳಕಿನ ಚುಕ್ಕೆ ದುಂಡಗೆ ಕಾಣುವವರೆಗೂ ಬಿಡುವುದಿಲ್ಲ.

ಕಿಡಿಯ ಕಡೆಗೆ ಬಂದರೆ, ನನ್ನ ಗಾಡಿಯದು ಹಳೆಯ 6 ವೋಲ್ಟ್ ವ್ಯವಸ್ಥೆ, ಬಲಗಡೆಯ ಮುಚ್ಚಳದೊಳಗೆ ಬ್ಯಾಟರಿ ತುಂಬಿಸುವ ಡೈನಮೋ ಮತ್ತು ಸರಿಯಾದ ಹೊತ್ತಿಗೆ ಕಿಡಿ ಹುಟ್ಟಿಸುವ ಸ್ವಿಚ್ಚಿನಂಥ ಪಾಯಿಂಟ್. ಬ್ಯಾಟರಿಯಲ್ಲಿ ಜೀವವಿಲ್ಲದಿದ್ದರೆ ಎಷ್ಟು ಒದ್ದರೂ ಪ್ರಯೋಜನವಿಲ್ಲ. ಪಾಯಿಂಟಿನ ಮುಖಗಳ ಮೇಲೆ ಕಟ್ಟಿದ ಪೊರೆಯನ್ನು ನಯವಾದ ಎಮರಿ ಕಾಗದದಿಂದ ತೆಗೆದು, ಉಳಿದ ಪುಡಿಯನ್ನು ದಪ್ಪ ಕಾಗದದ ಚೂರಿನಿಂದ ಒರೆಸಿ, ನಡುವಿನ ಅಂತರ 0.4 ಮಿಲಿಮೀಟರಿಗೆ ಇಟ್ಟೆವು, ಪ್ಲಗ್ಗಿನದು 0.6. ಪಾಯಿಂಟಿನ ನಡುವೆ ನೀಲಿ ಮಿಂಚು ಎದ್ದು ಕಾಣುತ್ತಿದ್ದುದರಿಂದ ಆ ಮಿಂಚನ್ನು ತಡೆಯಬೇಕಾದ ಕಂಡೆನ್ಸರ್ ಸತ್ತಿದೆ ಎಂದು ಅದನ್ನೂ ಬದಲಿಸಿದರು.

ಆಮೇಲೆ ಸ್ಟಾರ್ಟ್ ಆಯಿತು. ಬೀದಿಯ ಮಕ್ಕಳೆಲ್ಲ ಸೇರಿದರು, ನೀಲಿ ಹೊಗೆಯಲ್ಲಿ ಚಪ್ಪರ ಮುಳುಗಿತು, ಯಾರೋ ಕಾಫಿ ತಂದರು.

ನಿಜವಾದ ಕೆಲಸ ಶುರುವಾದದ್ದು ಆಗ. ಕಾದ ಮೇಲೆ ಎಂಜಿನ್ ಒಂದು ಹದದಲ್ಲಿ ನಿಲ್ಲುತ್ತಿರಲಿಲ್ಲ. ಆಕ್ಸಿಲರೇಟರ್ ಬಿಟ್ಟರೂ ವೇಗ ತಾನಾಗಿ ಏರುವುದು, ಒಂದಷ್ಟು ಹೊತ್ತು ಕೂಗಿಕೊಳ್ಳುವುದು, ಇದ್ದಕ್ಕಿದ್ದಂತೆ ಬಿದ್ದು ಆರಿಹೋಗುವುದು. ಗಾಡಿ ನೋಡಲು ಬಂದವರ ಸಲಹೆಗಳಿಗೆ ಬರವಿರಲಿಲ್ಲ. ದೊಡ್ಡ ಜೆಟ್ ಹಾಕಿ, ಬೇರೆ ಗಾಡಿಯ ಕಾರ್ಬೊರೇಟರ್ ಕೂರಿಸಿ, ಸ್ಲೋ ಸ್ಕ್ರೂ ಇನ್ನಷ್ಟು ಬಿಗಿ ಮಾಡಿ. ಮೇಸ್ತ್ರಿ ಯಾರಿಗೂ ಎದುರು ಹೇಳದೆ ಪ್ಲಗ್ ಬಿಚ್ಚಿ ನನ್ನ ಕೈಯಲ್ಲಿಟ್ಟರು. ಪಿಂಗಾಣಿಯ ಮೂಗು ಸುಣ್ಣ ಬಳಿದಷ್ಟು ಬೆಳ್ಳಗಿತ್ತು.

"ಗಾಳಿ ಕುಡಿಯುತ್ತಿದೆ ಸಾರ್. ನಾವು ಕೊಡದ ಗಾಳಿ," ಎಂದರು.

ಟೂ ಸ್ಟ್ರೋಕ್ ಎಂಜಿನ್ನಿನ ಗುಟ್ಟೆಲ್ಲ ಈ ಮಾತಿನಲ್ಲಿದೆ. ಫೋರ್ ಸ್ಟ್ರೋಕಿನಲ್ಲಿ ಪೆಟ್ರೋಲ್ ಬೆರೆತ ಗಾಳಿ ನೇರವಾಗಿ ಸಿಲಿಂಡರಿಗೆ ಹೋಗುತ್ತದೆ. ಇಲ್ಲಿ ಅದು ಮೊದಲು ಕೆಳಗೆ, ಕ್ರ್ಯಾಂಕ್ ತಿರುಗುವ ಮನೆಗೆ ಬಂದು, ಪಿಸ್ಟನ್ ಇಳಿಯುವಾಗ ಒತ್ತಿಸಿಕೊಂಡು ಮೇಲಕ್ಕೆ ಹೋಗಬೇಕು. ಅಂದರೆ ಕ್ರ್ಯಾಂಕಿನ ಮನೆ ಒಂದು ಪಂಪು. ಪಂಪಿನಲ್ಲಿ ಎಲ್ಲೇ ಸಂದು ಬಿಟ್ಟರೂ ಅಲ್ಲಿಂದ ಬರಿಯ ಗಾಳಿ ನುಗ್ಗುತ್ತದೆ, ಮಿಶ್ರಣ ತೆಳುವಾಗುತ್ತದೆ. ಪೆಟ್ರೋಲಿನಲ್ಲೇ ಬೆರೆಸಿದ ಎಣ್ಣೆಯೂ ಕಡಿಮೆಯಾಗುವುದರಿಂದ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಂಡು ಸೀಜ್ ಆಗುತ್ತದೆ. ಕ್ರ್ಯಾಂಕಿನ ಎರಡು ತುದಿಗಳಲ್ಲಿ ಈ ಸಂದು ಮುಚ್ಚಲು ಇರುವುದು ರಬ್ಬರಿನ ಆಯಿಲ್ ಸೀಲ್. ಓಡುವ ಗಾಡಿಯಲ್ಲಿ ಅದರ ತುಟಿಗೆ ಸದಾ ಎಣ್ಣೆ ಸಿಗುತ್ತದೆ. ನಿಂತ ಗಾಡಿಯಲ್ಲಿ ಒಣಗಿ, ಗಡುಸಾಗಿ, ಶಾಫ್ಟನ್ನು ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ. ಹೊರಗಿನಿಂದ ಕಾಣುವುದಿಲ್ಲ, ಸ್ಟಾರ್ಟ್ ಆಗಲು ಅಡ್ಡಿ ಮಾಡುವುದಿಲ್ಲ. ಹೀಗಾಗಿಯೇ ಸ್ಟಾರ್ಟ್ ಆದ ಕೂಡಲೇ ಬೆಂಗಳೂರಿನತ್ತ ಹೊರಟ ಗಾಡಿಗಳು ಮದ್ದೂರಿನ ಹೊತ್ತಿಗೆ ಸೀಜ್ ಆಗಿ ನಿಲ್ಲುವುದು.

ಎರಡು ಸೀಲ್‌ಗಳ ಲಕ್ಷಣವೂ ಬೇರೆ ಬೇರೆ. ಎಡಗಡೆ ಕ್ಲಚ್ಚು, ಪ್ರೈಮರಿ ಚೈನು, ಗೇರ್ ಆಯಿಲ್ ಇರುವ ಮನೆ. ಅಲ್ಲಿನ ಸೀಲ್ ಹೋದರೆ ಎಂಜಿನ್ ಗೇರ್ ಆಯಿಲನ್ನೇ ಎಳೆದುಕೊಂಡು ಸುಡುತ್ತದೆ, ಎಷ್ಟು ಓಡಿಸಿದರೂ ದಟ್ಟವಾದ ಬಿಳಿ ಹೊಗೆ ನಿಲ್ಲುವುದಿಲ್ಲ, ಗೇರ್ ಬಾಕ್ಸಿನ ಎಣ್ಣೆ ಇಳಿಯುತ್ತ ಹೋಗುತ್ತದೆ. ಬಲಗಡೆ ಡೈನಮೋ ಇರುವ ಒಣ ಮನೆ. ಅಲ್ಲಿ ಹೋದರೆ ಬರುವುದು ಗಾಳಿ ಮಾತ್ರ. ನನ್ನ ಗಾಡಿಯ ಲಕ್ಷಣ ಎರಡನೆಯದಕ್ಕೆ ಹೊಂದುತ್ತಿತ್ತು. ಆದರೂ ಊಹೆಯ ಮೇಲೆ ಎಂಜಿನ್ ಬಿಚ್ಚುವುದಕ್ಕೆ ಮೇಸ್ತ್ರಿ ಒಪ್ಪಲಿಲ್ಲ.

ಒಳಗಿನಿಂದ ಒಂದು ಹಳೆಯ ಬಿ.ಪಿ. ನೋಡುವ ಯಂತ್ರ ತಂದರು. ಡಾಕ್ಟರು ತೋಳಿಗೆ ಸುತ್ತುವ ಪಟ್ಟಿ ಇರಲಿಲ್ಲ, ರಬ್ಬರ್ ಬುಡ್ಡೆ ಮತ್ತು ಗಡಿಯಾರದಂಥ ಮುಖದ ಮೀಟರ್ ಮಾತ್ರ. ಎರಡೂ ಎಕ್ಸಾಸ್ಟ್ ಬಾಯಿಗಳಿಗೆ ರಬ್ಬರ್ ಬಿರಡೆ ಜಡಿದರು, ಕಾರ್ಬೊರೇಟರ್ ಕೂರುವ ಬಾಯಿಗೆ ತೂತು ಮಾಡಿದ ಬಿರಡೆ ಹಾಕಿ ಅದಕ್ಕೆ ಕೊಳವೆ ಸಿಕ್ಕಿಸಿದರು, ಡೈನಮೋ ಬಿಚ್ಚಿ ಬದಿಗಿಟ್ಟರು. ಬುಡ್ಡೆ ಒತ್ತಿ ಮುಳ್ಳನ್ನು 300ರವರೆಗೆ ಏರಿಸಿದರು, ಅದಕ್ಕಿಂತ ಹೆಚ್ಚು ಬೇಡ ಎಂದರು. ಒಳ್ಳೆಯ ಎಂಜಿನ್ನಿನಲ್ಲಿ ಮುಳ್ಳು ಅಲ್ಲೇ ನಿಲ್ಲಬೇಕು. ನಮ್ಮ ಕಣ್ಣೆದುರೇ ಅದು ಇಳಿಯತೊಡಗಿತು. ಬ್ರಶ್ಶಿನಿಂದ ಸೋಪಿನ ನೀರು ಸವರುತ್ತ ಬಂದೆವು. ಸಿಲಿಂಡರಿನ ಬುಡದ ಪ್ಯಾಕಿಂಗ್‌ನಲ್ಲಿ ಏನಿಲ್ಲ, ಹೆಡ್ಡಿನಲ್ಲಿ ಏನಿಲ್ಲ. ಬಲಗಡೆ ಶಾಫ್ಟ್ ಹೊರಬರುವ ಜಾಗಕ್ಕೆ ಬಂದಾಗ ಸೀಲಿನ ಅಂಚಿನ ಕೆಳಭಾಗದಲ್ಲಿ ನೊರೆ ಎದ್ದಿತು. ಮೊದಲು ಸಾಸಿವೆ ಕಾಳಿನಷ್ಟು ಗುಳ್ಳೆಗಳು, ಆಮೇಲೆ ಅವು ಒಂದನ್ನೊಂದು ತಳ್ಳಿಕೊಂಡು ಬೆಳ್ಳಗೆ ಉಕ್ಕಿ ಶಾಫ್ಟನ್ನು ಸುತ್ತುವರಿದವು. ಗೊಂದಲಗಳೆಲ್ಲ ಒಂದು ಹಿಡಿ ನೊರೆಯಲ್ಲಿ ಬಗೆಹರಿದವು. ಎಡಗಡೆಯದು ಹಿಡಿದುಕೊಂಡಿದ್ದರೂ ವಯಸ್ಸು ಒಂದೇ ಆದ್ದರಿಂದ ಎರಡನ್ನೂ ಬದಲಿಸಿದೆವು. ಸೀಲ್ ಕೊಳ್ಳುವಾಗ ಮಾತ್ರ ಜಿಪುಣತನ ಸಲ್ಲದು. ಹೆಸರಿಲ್ಲದ ಪ್ಲಾಸ್ಟಿಕ್ ಕವರಿನ ಸೆಟ್ಟು ಬೇಡವೆಂದು, ಹಳೆಯ ಸೀಲಿನ ಮೇಲೆ ಅಚ್ಚಾದ ಅಳತೆ ಬರೆದುಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆದು ತಂದೆ.

ಅದಾದ ಮೇಲೆ ಟ್ಯೂನಿಂಗ್ ಎಂಬುದು ಕಷ್ಟವೇ ಆಗಲಿಲ್ಲ. ಗಾಳಿಯ ಸ್ಕ್ರೂವನ್ನು ಪೂರ್ತಿ ಬಿಗಿ ಮಾಡಿ ಒಂದೂವರೆ ಸುತ್ತು ಹಿಂದಕ್ಕೆ ತಿರುಗಿಸುವುದು, ಒಂದು ಸುತ್ತು ಓಡಿಸಿ ಎಂಜಿನ್ ಕಾಯಿಸುವುದು, ಬಿಸಿಯಿದ್ದಾಗಲೇ ಸ್ಕ್ರೂವನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ ಎಂಜಿನ್ ಎಲ್ಲಿ ಅತಿ ಚುರುಕಾಗಿ, ಸಮನಾಗಿ ಆಡುತ್ತದೋ ಅಲ್ಲಿ ಬಿಡುವುದು, ಆಮೇಲೆ ಸ್ಲೋ ಸ್ಕ್ರೂವಿನಿಂದ ವೇಗ ತಗ್ಗಿಸುವುದು. ತಣ್ಣಗಿನ ಎಂಜಿನ್ನಿನ ಮೇಲೆ ಮಾಡಿದ ಸೆಟ್ಟಿಂಗ್ ಸೆಟ್ಟಿಂಗೇ ಅಲ್ಲ. ಕೊನೆಗೆ ಮೇಸ್ತ್ರಿ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಎರಡು ಸೈಲೆನ್ಸರುಗಳ ಬಾಯಿಗೆ ಎರಡು ಅಂಗೈ ಅಡ್ಡ ಹಿಡಿದರು. ಹೊಗೆಯ ಬಡಿತ ಎರಡೂ ಕೈಗೆ ಸಮನಾಗಿ ತಾಗಬೇಕು. ನನಗೂ ಹಿಡಿದು ನೋಡಲು ಹೇಳಿದರು. ಬಲಗೈಗೂ ಎಡಗೈಗೂ ಒಂದೇ ಬಿಸಿ, ಒಂದೇ ಬಡಿತ. ಒಂದು ವಾರ ಓಡಿಸಿ ಪ್ಲಗ್ ತೆಗೆದಾಗ ಅದರ ಮೂಗು ಕಂದು ಬಣ್ಣಕ್ಕೆ ತಿರುಗಿತ್ತು.

ಹೊಸ ರಿಂಗ್ ಹಾಕಿದ ಗಾಡಿಯನ್ನು ಮೊದಲ 500 ಕಿಲೋಮೀಟರ್ ದಣಿಸಬಾರದು, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಲೂಬಾರದು. ಪೆಟ್ರೋಲಿನ ಲೀಟರಿಗೆ 40 ಎಂಎಲ್ 2ಟಿ (ಟೂ ಸ್ಟ್ರೋಕ್) ಆಯಿಲ್ ಹಾಕುತ್ತಿದ್ದೇನೆ. ಟೂ ಸ್ಟ್ರೋಕ್ ಓಡಿಸಿ ರೂಢಿಯಿಲ್ಲದ ಹೊಸಬರಿಗೆ ಇಲ್ಲೊಂದು ಮಾತು ಹೇಳಲೇಬೇಕು. ಚಾಮುಂಡಿ ಬೆಟ್ಟ ಇಳಿಯುವಾಗ ಆಕ್ಸಿಲರೇಟರ್ ಮುಚ್ಚಿ, ಗೇರಿನಲ್ಲೇ ಇಳಿಯುವುದು ಫೋರ್ ಸ್ಟ್ರೋಕ್ ಗಾಡಿಗೆ ಒಳ್ಳೆಯದು. ಇಲ್ಲಿ ಪೆಟ್ರೋಲ್ ನಿಂತರೆ ಎಣ್ಣೆಯೂ ನಿಂತಂತೆ. ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪಿಸ್ಟನ್ನಿಗೆ ಎಣ್ಣೆ ಇರುವುದಿಲ್ಲ. ಇಳಿಜಾರಿನಲ್ಲಿ ಆಗಾಗ ಆಕ್ಸಿಲರೇಟರ್ ಒಂದಿಷ್ಟು ತಿರುವಿ ಎಣ್ಣೆ ಕುಡಿಸಬೇಕು. ಬ್ರೇಕ್ ಶೂ, ಕೇಬಲ್, ಚಕ್ರದ ಬೇರಿಂಗಿನ ಗ್ರೀಸ್, ಬಿರುಕು ಬಿಟ್ಟ ಟೈರ್ ಇವೆಲ್ಲ ರಸ್ತೆಗೆ ಇಳಿಯುವ ಮೊದಲೇ ಆಗಬೇಕಾದ ಕೆಲಸಗಳು, ಅದರಲ್ಲಿ ಚರ್ಚೆಗೇನೂ ಇಲ್ಲ. ಕಾಗದಪತ್ರವೂ ಹಾಗೆಯೇ. 15 ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ಇನ್ಶೂರೆನ್ಸ್ ಮತ್ತು ಎಮಿಷನ್ ಸರ್ಟಿಫಿಕೇಟ್ ಬೇಕು. ಕೊಳ್ಳುವ ಮೊದಲೇ ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಗಾಡಿಯ ಮೇಲಿನದರ ಜೊತೆ ತಾಳೆ ನೋಡಿಕೊಳ್ಳಿ.

ಈಗಿನ ನನ್ನ ಚಿಂತೆ ಪೆಟ್ರೋಲಿನದು. ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟಿದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನಲ್ಲೇ. ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ರೈತರ ಕಬ್ಬಿಗೆ ಬೆಲೆ ಬರುವುದಾದರೆ ನನಗೆ ಸಂತೋಷವೇ. ಆದರೆ ಈ ಗಾಡಿ ರೂಪುಗೊಂಡ ಕಾಲದಲ್ಲಿ ಅಂಥ ಪೆಟ್ರೋಲ್ ಇರಲಿಲ್ಲ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ. ಅದರಲ್ಲೇ ಆಮ್ಲಜನಕ ಇರುವುದರಿಂದ ಮಿಶ್ರಣವೂ ಒಂದಿಷ್ಟು ತೆಳುವಾಗುತ್ತದೆ. ಪೆಟ್ರೋಲ್ ಪೈಪು, ಟ್ಯಾಂಕಿನ ನಲ್ಲಿಯಾದ ಕಾಕ್‌ನ ವಾಷರ್, ಫ್ಲೋಟಿನ ಮನೆಯ ಪ್ಯಾಕಿಂಗ್ ಎಲ್ಲವನ್ನೂ ಎಥೆನಾಲ್ ತಡೆಯುವಂಥದ್ದಕ್ಕೆ ಬದಲಿಸಿ, ಜೋರಾಗಿ ಓಡುವಾಗ ಪೆಟ್ರೋಲ್ ಕೊಡುವ ಮೇನ್ ಜೆಟ್ ಒಂದು ಅಳತೆ ದೊಡ್ಡದು ಹಾಕಿದ್ದೇವೆ. ಊರಿಗೆ ಹೋಗುವುದಿದ್ದರೆ ಕಾಕ್ ಮುಚ್ಚಿ ಕಾರ್ಬೊರೇಟರಿನ ಬಟ್ಟಲಿನಲ್ಲಿರುವುದನ್ನು ಶೀಶೆಗೆ ಇಳಿಸಿಟ್ಟೇ ಹೋಗುತ್ತೇನೆ. ಕಾಕ್ ಮುಚ್ಚಿ ಎಂಜಿನ್ ತಾನಾಗಿ ಆರುವವರೆಗೆ ಓಡಿಸಿ ಎಂದು ಕೆಲವರು ಹೇಳುತ್ತಾರೆ. ಆ ಕೊನೆಯ ಗಳಿಗೆಗಳಲ್ಲಿ ಎಂಜಿನ್ ಎಣ್ಣೆಯಿಲ್ಲದೆ ತಿರುಗುವುದರಿಂದ ನನಗೆ ಅದು ಒಪ್ಪಿಗೆಯಿಲ್ಲ.

ಹಳೆಯ ಗಾಡಿ ಇಟ್ಟುಕೊಂಡ ಹಲವರು ವಾರಕ್ಕೊಮ್ಮೆ ಅಂಗಳದಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸಿಬಿಡುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಗಾಡಿಗೆ ಅದರಿಂದ ಕೆಡುಕೇ ಹೆಚ್ಚು. ಉರಿದ ಪೆಟ್ರೋಲಿನಿಂದ ಹುಟ್ಟುವ ನೀರಿನ ಹಬೆ ಅರೆಬಿಸಿಯ ಎಂಜಿನ್ನಿನಲ್ಲೂ ಸೈಲೆನ್ಸರಿನಲ್ಲೂ ಹನಿಗಟ್ಟಿ ಉಳಿಯುತ್ತದೆ, ಬೇರಿಂಗ್‌ಗಳಿಗೆ ತುಕ್ಕು ಹತ್ತುತ್ತದೆ, ಸೈಲೆನ್ಸರಿನಲ್ಲಿ ಎಣ್ಣೆ ಕಟ್ಟುತ್ತದೆ. ಕನಿಷ್ಠ 20–30 ಕಿಲೋಮೀಟರ್ ಓಡಿ ಪೂರ್ತಿ ಕಾದರೆ ಮಾತ್ರ ಆ ತೇವ ಹೊರಗೆ ಹೋಗುತ್ತದೆ. ನಾನು ಭಾನುವಾರ ಬೆಳಿಗ್ಗೆ ಶ್ರೀರಂಗಪಟ್ಟಣ ದಾಟಿ ಪಾಂಡವಪುರದವರೆಗೆ ಹೋಗಿ ಬರುತ್ತೇನೆ. ಹೋಗುವಾಗ ರೈಲ್ವೆ ಗೇಟು ಹಾಕಿದ್ದರೆ ಬೇಸರವಿಲ್ಲ, ಎಂಜಿನ್ ಆರಿಸದೆ ಕಾಯುತ್ತೇನೆ.